ಕಾಯದ ಬೀಜ

ಕಿರಾಲುಬೋಗಿಯ ಬೀಜಕ್ಕೆ ಎರಡು ರೆಕ್ಕೆ, ಹತ್ತು ದಿನ ಆಯಸ್ಸು.
ಮೇ ಕೊನೆಯ ಮೋಡಕ್ಕೆ ಉದುರುತ್ತದೆ, ತಿರುತಿರುಗಿ.
ಡಬ್ಬಿಯಲ್ಲಿ ಮುಚ್ಚಿಟ್ಟರೆ ಸತ್ತಿತು,
ಬಿಸಿಲಿಗೆ ಹರವಿದರೆ ಸತ್ತಿತು,
ಉಡುಪಿಯ ಕಚೇರಿಯಿಂದ ತೊಟ್ಟೆ ಮಂಜೂರಾಗಿ ಬರುವಷ್ಟರಲ್ಲಿ
ಖಂಡಿತ ಸತ್ತಿತು.

"ಅವು ಕಾಪುಜಿ ಗಾರ್ಡೆರೇ" ಎಂದಿದ್ದಳು ತನಿಯಾರಕ್ಕ.
ಅದು ಕಾಯುವುದಿಲ್ಲ.
ಪೆರ್ಡೂರಿನಾಚೆಯ ನರ್ಸರಿಗೆ ನಾನು ಬಂದ ಮೊದಲ ವಾರ.
ನನಗೆ ಗೊತ್ತಿದ್ದದ್ದು ಸಾಗುವಾನಿ:
ರಾತ್ರಿ ನೆನೆಸಿ ಹಗಲು ಒಣಗಿಸಿ ವಾರವಿಡೀ ಸತಾಯಿಸಿದರೂ
ಮೊಳೆತೇ ಮೊಳೆಯುತ್ತದೆ,
ವರ್ಗಾವಣೆಗೆ ಒಗ್ಗಿದ ನೌಕರನ ಹಾಗೆ.
ಬೋಗಿಯನ್ನು ಆಕೆ ಒದ್ದೆ ಉಪ್ಪಳಿಗೆ ಎಲೆಯಲ್ಲಿ ಸುತ್ತಿ
ಸೊಂಟಕ್ಕೆ ಸಿಕ್ಕಿಸಿಕೊಂಡು ತಂದಳು.
ಸಂಜೆಯೊಳಗೆ ಮಣ್ಣು.

ಗುಡ್ಡ ಪೂರಾ ಅಕೇಶಿಯಾ. ನಾನು ಹುಟ್ಟುವ ಮೊದಲು
ನಮ್ಮ ಇಲಾಖೆಯೇ ನೆಟ್ಟದ್ದು, ಈಗ ಇಲಾಖೆಗೇ ಬೇಡದ್ದು.
ಬೋಳಿಸಿ, ಕಾಡುಮರ ನೆಡಿ: ಆದೇಶ ಒಂದೂವರೆ ಪುಟ.
ಆಕೆ ನಕ್ಕಳು. ಎಳೆ ಬೋಗಿಗೆ ಮುರಕಲ್ಲಿನ ಏಪ್ರಿಲ್ ಗೊತ್ತುಂಟ?
ತೊಟ್ಟಿಲು ಕಟ್ಟಿದ ಮೇಲೆ ಮಾಡಿನ ಹಂಚು ತೆಗೆಯುವವರುಂಟ?
ಬೇಡದ ಮರದ ನೆರಳೂ ನೆರಳೇ.
ನಾಲ್ಕರಲ್ಲಿ ಒಂದನ್ನು ಕಡಿದೆವು ಮೊದಲ ವರ್ಷ,
ಗಿಡ ಮೊಣಕಾಲಿಗೆ ಬಂದ ಮೇಲೆ ಇನ್ನೊಂದು,
ಸೊಂಟಕ್ಕೆ ಬಂದ ಮೇಲೆ ಮತ್ತೊಂದು.
ಆಕಾಶವನ್ನು ಚಮಚದಲ್ಲಿ ಕುಡಿಸಿದ ಹಾಗೆ.

ತೋಡಿನ ಬದಿ ಮರ್ವದ ಮುದಿ ಬೊಡ್ಡೆ, ಏಳು ಚಿಗುರು.
ಎರಡುಳಿಸಿ ಅಂದಳು, ಬುಡಕ್ಕೆ ಹತ್ತಿರ ಇರುವ ಎರಡು.
ಮೂರನೆಯದಕ್ಕೆ ಕತ್ತಿ ತಾಗಿಸುವಾಗ ಕೈ ತಡೆಯಿತು.
ಎಲೆ ತಾಮ್ರದ ಬಣ್ಣ, ತುದಿಯಲ್ಲಿ ಒಂದು ಇರುವೆ.
"ನೀವು ಕಡಿಯದಿದ್ದರೆ ಅವೇ ಒಂದನ್ನೊಂದು ಕಡಿಯುತ್ತವೆ,
ಹತ್ತು ವರ್ಷ ತಕ್ಕೊಂಡು."
ಕಡಿದೆ. ಓರೆಯಾಗಿ, ಗಾಯದ ಮೇಲೆ ಮಳೆನೀರು ನಿಲ್ಲದಂತೆ.
ರಾತ್ರಿ ಅನ್ನ ಕಲಸುವಾಗಲೂ ಅಂಗೈಯಲ್ಲಿ ಅದೇ ಓರೆ.

ನಾಲ್ಕನೆಯ ಜುಲೈ, ಎಣಿಕೆ.
ನೆಟ್ಟದ್ದು ಸಾವಿರದ ನೂರು. ಬದುಕಿದ್ದು ನಾನೂರ ಹದಿನೇಳು.
ಗೆದ್ದಲು, ದನ, ಯಾರದೋ ಬೀಡಿ, ನನ್ನದೇ ಕೆಲವು ತಪ್ಪು ಗುಂಡಿ.
ಸಾಹೇಬರು ಜೀಪಿನಿಂದ ಇಳಿಯದೆ ಬರೆದುಕೊಂಡರು.
ಆಮೇಲೆ ತನಿಯಾರಕ್ಕ ನನ್ನನ್ನು ಹಳೆಯ ಕಲ್ಲುಕೋರೆಗೆ ಇಳಿಸಿದಳು.
ಯಾರೂ ಏನೂ ನೆಡದ ಜಾಗ.
ತರಗೆಲೆ ಸರಿಸಿದರೆ ಕಬ್ಬೆಕ್ಕು ಹಾಕಿದ ಬೈನೆ,
ಹಕ್ಕಿ ಬೀಳಿಸಿದ ಕುಂಟುನೇರಳೆ,
ಮಂಗ ಅರ್ಧ ತಿಂದು ಬಿಟ್ಟ ಹೆಬ್ಬಲಸು,
ಮತ್ತೆ, ರೆಕ್ಕೆ ಇನ್ನೂ ಕಳಚದ ಎರಡೆಲೆಯ ಬೋಗಿ.
ಯಾವ ತಾಯಿಮರದ್ದೋ, ಕಣ್ಣಳತೆಯಲ್ಲಿ ಒಂದೂ ಇಲ್ಲ.
ರಿಜಿಸ್ಟರಿನಲ್ಲಿ ತಾವಾಗಿ ಬಂದವಕ್ಕೆ ಅಂಕಣವಿಲ್ಲ.
ಷರಾದಲ್ಲಿ ಪೆನ್ಸಿಲಿನಿಂದ ಬರೆದೆ: ಕೋರೆ, ಇಪ್ಪತ್ತಮೂರು.

ತನಿಯಾರಕ್ಕನ ಹೆಸರು ಮಸ್ಟರ್ ರೋಲಿನಲ್ಲಿ
ಜೂನಿಗೆ ಮೊಳೆಯುತ್ತದೆ, ಮಾರ್ಚಿಗೆ ಒಣಗುತ್ತದೆ,
ಇಪ್ಪತ್ತೆರಡು ವರ್ಷದಿಂದ.

ಈ ಸಲವೂ ತೊಟ್ಟೆ ಬಂದಿಲ್ಲ.
ಪೇಟೆಯ ಹೋಟೆಲುಗಳಿಂದ ಹಾಲಿನ ಖಾಲಿ ತೊಟ್ಟೆ ಹೆಕ್ಕಿ ತಂದಿದ್ದೇನೆ,
ಮೂರು ಗೋಣಿ, ಬಸ್ಸಿನಲ್ಲಿ ಎಲ್ಲರೂ ಮೂಗು ಮುಚ್ಚಿಕೊಂಡರು.
ಆಕೆ ಸರಿಗೆ ಕಾಯಿಸಿ ಅಡಿಗೆ ತೂತು ಮಾಡುತ್ತಾಳೆ,
ನಾನು ತುಂಬುತ್ತೇನೆ: ಕೆಂಪು ಮಣ್ಣು, ಸುಡುಮಣ್ಣು, ಒಣ ಸೆಗಣಿ,
ಹಿಡಿಯಷ್ಟು ದೊಡ್ಡ ಬೋಗಿಯ ಬುಡದ್ದೇ ಮಣ್ಣು.
ಅದಿಲ್ಲದಿದ್ದರೆ ಬೇರಿಗೆ ಮಾತು ಬರುವುದಿಲ್ಲವಂತೆ.
ಮೂಡುಗಡೆ ಗುಡುಗು.
"ಬತ್ತ್ಂಡ್" ಎಂದಳು ತಲೆಯೆತ್ತದೆ. ಬಂತು.
ಮಳೆಯೋ, ಬೀಜವೋ,
ಕೇಳಲು ಪುರುಸೊತ್ತಿಲ್ಲ.