ಕೆಂಪು ಬಾಣ

ಹಾಸನದ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನಗೆ ಸಂಬಳ ಕೊಡುವುದೇ
ತಪ್ಪು ಹುಡುಕುವುದಕ್ಕೆ.
ದಿನಕ್ಕೆ ಆರುನೂರು ಅಂಗಿ. ತಪ್ಪಿದ ಹೊಲಿಗೆ, ಎಣ್ಣೆ ಕಲೆ,
ಕಾಲರಿನ ಒಂದು ತುದಿ ಇನ್ನೊಂದಕ್ಕಿಂತ ಎಳ್ಳಷ್ಟು ಉದ್ದ.
ಕಂಡಲ್ಲಿ ಕೆಂಪು ಬಾಣದ ಸ್ಟಿಕ್ಕರ್.
ಕಾಣದಿದ್ದರೆ ಪಾಸ್.

ಹಾಗೇ ನನ್ನ ಮೈಯನ್ನೂ ನೋಡಿಕೊಂಡೆ,
ಬಚ್ಚಲ ಬಾಗಿಲಿಗೆ ಬಕೆಟ್ ಅಡ್ಡ ಇಟ್ಟು, ಮೊಬೈಲ್ ಟಾರ್ಚ್ ಹಿಡಿದು,
ಅರಸೀಕೆರೆಯ ಲಾಡ್ಜಿನ ಆ ರಾತ್ರಿಯಾದ ಮೇಲೆ ಎಂಟು ದಿನ.
ಗುಳ್ಳೆ ಇಲ್ಲ. ಉರಿ ಇಲ್ಲ.
ಪಾಸ್ ಅಂದುಕೊಂಡೆ. ನಿದ್ದೆ ಮಾತ್ರ ಬರಲಿಲ್ಲ.

ಅವನು ನನ್ನ ಫೋನಿನಲ್ಲಿ ‘ಉದಯ ಟೈಲ್ಸ್’.
ಅತ್ತೆ ಮಗಳ ಮನೆಗೆ ನೆಲ ಹಾಸಲು ಬಂದವನು,
ನಗುವಾಗ ಒಂದು ಕಣ್ಣು ಮೊದಲು ಮುಚ್ಚುವವನು.
ಬಲವಂತ ಇರಲಿಲ್ಲ, ಅದನ್ನೂ ಬರೆದಿಡುತ್ತೇನೆ.
ಗಂಡನನ್ನು ಬಿಟ್ಟು ಬಂದು ಆರು ವರ್ಷಕ್ಕೆ
ನನಗೂ ಒಂದು ಬೆನ್ನಿದೆ ಅಂತ ಗೊತ್ತಾದ ರಾತ್ರಿ ಅದು.

ಒಂಬತ್ತನೇ ದಿನ ಅರ್ಧ ರಜೆ ಹಾಕಿ ದೊಡ್ಡಾಸ್ಪತ್ರೆಗೆ ಹೋದೆ.
ಚೀಟಿ ಬರೆಯುವವನು ‘ಏನ್ ತೊಂದರೆ’ ಅಂದ.
‘ಸೊಂಟ ನೋವು’ ಅಂದೆ.
ಮೂರು ಬಾಗಿಲು ದಾಟಿ ನಾಲ್ಕನೆಯದು ಆಪ್ತಸಮಾಲೋಚನೆ.
ತಸ್ನೀಮ್ ಮೇಡಂ ಫ್ಯಾನ್ ಜೋರು ಮಾಡಿದರು,
ಮಾತು ಹೊರಗೆ ಹೋಗದಿರಲೆಂದು.
‘ನಿರೋಧ್ ಇತ್ತಾ?’
‘ಇತ್ತು. ಅರ್ಧಕ್ಕೆ ಹಾಕಿದ.’
‘ಸಕಲೇಶಪುರದವರೆಗೂ ಹಂಗೇ ಹೋಗಿ
ಪೊಲೀಸ್ ಕಂಡಾಗ ಹೆಲ್ಮೆಟ್ ಹಾಕ್ಕೊಂಡಂಗೆ!’
ಇಬ್ಬರೂ ನಕ್ಕೆವು. ನಕ್ಕಿದ್ದಕ್ಕೇ ನನಗೆ ಅಳು ಬಂತು.

‘ಡೆಟಾಲ್ ಹಾಕಿ ತೊಳೆದೆ ಮೇಡಂ, ಆವತ್ತೇ.’
‘ತೊಳೆದರೆ ಹೋಗೋದಲ್ಲ ಕಣಮ್ಮ, ಚರ್ಮ ಉರೀತದೆ ಅಷ್ಟೇ.
ಮೂರು ದಿನದೊಳಗೆ ಬಂದಿದ್ರೆ ಎಚ್‌ಐವಿ ತಡೆಯೋ ಮಾತ್ರೆ ಕೇಳಬಹುದಿತ್ತು.
ಇರಲಿ. ಒಂದು ಸಲಕ್ಕೆ ಬಂದೇ ಬರ್ತದೆ ಅಂತಲ್ಲ.
ಬರಲ್ಲ ಅಂತಲೂ ಅಲ್ಲ.’
ಹಳೇ ಕ್ಯಾಲೆಂಡರಿನ ಬೆನ್ನಿಗೆ ಪೆನ್ನಿನಲ್ಲಿ ಗೆರೆ ಎಳೆದರು:
ಇವತ್ತಿನ ರಕ್ತಕ್ಕೆ ಆ ರಾತ್ರಿ ಇನ್ನೂ ಗೊತ್ತಿಲ್ಲ,
ಆರು ವಾರಕ್ಕೊಮ್ಮೆ ಬಾ, ಮೂರು ತಿಂಗಳಿಗೆ ಮತ್ತೆ ಬಾ.
‘ಅಲ್ಲಿವರೆಗೆ?’
‘ಯಾರ ಜೊತೆ ಇದ್ರೂ ಮೊದಲಿಂದ ಹಾಕ್ಸು.’

ಆರು ವಾರ ಅಂದರೆ ಇಪ್ಪತ್ತು ಸಾವಿರ ಚಿಲ್ಲರೆ ಅಂಗಿ.
ಆಲೂಗೆಡ್ಡೆ ಲಾರಿಗಳು ಬಿ.ಎಂ. ರಸ್ತೆಯಲ್ಲಿ ಸಾಲುಗಟ್ಟಿದವು, ಖಾಲಿಯಾದವು,
ಟಿಫಿನ್ನಿನಲ್ಲಿ ದಿನಾ ಅದೇ ಪಲ್ಯ.
ಗಂಟಲು ಕೆರೆದರೆ ಇದೇ ಅದು ಅನ್ನಿಸೋದು,
ಸೊಳ್ಳೆ ಕಚ್ಚಿದರೂ.

ನಲವತ್ತನಾಲ್ಕನೇ ದಿನದ ಕಾಗದದಲ್ಲಿ ಎರಡು ಸಾಲು.
ಎಚ್‌ಐವಿ, ಸದ್ಯಕ್ಕೆ ಇಲ್ಲ.
ಸಿಫಿಲಿಸ್, ಇದೆ.
ಎಲ್ಲಿ ಹುಣ್ಣಾಗಿತ್ತೋ! ನೋವಿಲ್ಲದೆ ಬಂದು, ಟಾರ್ಚಿಗೂ ಸಿಗದೆ,
ತಾನೇ ಮಾಯ್ದು ಒಳಗೆ ನಡೆದಿತ್ತು.
ಹನ್ನೊಂದು ವರ್ಷ ಕಲೆ ಹುಡುಕಿದ ಕಣ್ಣು ನನ್ನದು.

ಪೆನ್ಸಿಲಿನ್, ಸೊಂಟಕ್ಕೆ.
ಚೀಟಿಯಲ್ಲಿ ಬರೆಸಿದ ಸುಳ್ಳು ನಿಜವಾಯಿತು.
ಎರಡು ದಿನ ಊಟವನ್ನೂ ನಿಂತೇ ಮಾಡಿದೆ.
‘ವಾಸಿಯಾಗ್ತದೆ. ಅವನಿಗೂ ಹೇಳು’ ಅಂದಿದ್ದರು ಮೇಡಂ.
ಅದು ಸೂಜಿಗಿಂತ ಕಷ್ಟ.

ರಾತ್ರಿ ಹನ್ನೊಂದಕ್ಕೆ ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಮಾಡಿದೆ:
ಯಾರಿಂದ ಯಾರಿಗೆ ಅಂತ ಕೇಳ್ತಿಲ್ಲ ಉದಯ.
ನೋವಿಲ್ಲ ಅಂದರೆ ಇಲ್ಲ ಅಂತಲ್ಲ. ರಕ್ತ ಕೊಡು.
ದೊಡ್ಡಾಸ್ಪತ್ರೆ, ಮೂರು ಬಾಗಿಲು ಬಿಟ್ಟು ನಾಲ್ಕನೆಯದು.
ದುಡ್ಡು ತಗೊಳ್ಳಲ್ಲ. ಬೈಯೋದೂ ಇಲ್ಲ.

ಎರಡು ಟಿಕ್. ಆಮೇಲೆ ನೀಲಿ.
ಟೈಪಿಂಗ್ ಅಂತ ಬಂತು, ಹೋಯಿತು, ಬಂತು.

ಮೂರು ತಿಂಗಳಿಗೆ ಇನ್ನೂ ಒಂದೂವರೆ ತಿಂಗಳಿದೆ.
ಬ್ಯಾಗಿನಲ್ಲುಳಿದ ಸ್ಟಿಕ್ಕರ್ ಹಾಳೆಯಿಂದ ಒಂದು ಬಾಣ ಕಿತ್ತು
ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಅಂಟಿಸಿದೆ.
ಅಮ್ಮ ಕೇಳಿದರೆ
ಗ್ಯಾಸ್ ಬುಕ್ ಮಾಡೋ ದಿನ ಅನ್ನುತ್ತೇನೆ.