ಅರ್ಧ ಬಕೆಟ್ಟು

ಕಡಲು ನನ್ನ ಮಂಡಿಯನ್ನು ಕೇಳಿ ಇಳಿಯುವುದಿಲ್ಲ.
ಇಂದು ಇಳಿತ ಏಳೂ ಹತ್ತಕ್ಕೆ.
ಹಾಗಾಗಿ ಐದಕ್ಕೇ ಏಳಬೇಕು,
ಮನುಷ್ಯಳಾಗಲು ನನಗೆ ಐವತ್ತು ನಿಮಿಷ ಹಿಡಿಯುತ್ತದೆ.

ಮೊದಲು ಹಿಮ್ಮಡಿ. ಕಂಬಳಿಯೊಳಗೇ
ಮುಂದೆ, ಹಿಂದೆ, ಹತ್ತು ಸಲ.
ಆಮೇಲೆ ಬೆರಳು. ಒಂದೊಂದೂ ಒಂದೊಂದು ಹಟಮಾರಿ ಕೂಸು,
ಬಿಸಿನೀರ ಬಟ್ಟಲಲ್ಲಿ ಕೂರಿಸಿ
ಹೆಸರು ಹಿಡಿದು ಎಬ್ಬಿಸಬೇಕು.
ಉಂಗುರದ ಬೆರಳು ಎಲ್ಲಕ್ಕಿಂತ ಕೊನೆಗೆ.
ಗಂಟು ದಾಟದ ಉಂಗುರವನ್ನು
ಕತ್ತರಿಸಿ ತೆಗೆಸಿ ಆರು ವರ್ಷವಾಯಿತು,
ಅದಕ್ಕೆ ಇನ್ನೂ ಮುನಿಸು.

ಕಂಬಾದೊಸ್ ಆಸ್ಪತ್ರೆಯ ಹುಡುಗ, ಬ್ರೆಯ್ಶೊ,
ನನ್ನ ಬೆನ್ನಿನ ಚಿತ್ರವನ್ನು ದೀಪಕ್ಕೆ ಹಿಡಿದು
"ದೋರಿಂದಾ, ಎಷ್ಟು ವರ್ಷ ಬಗ್ಗಿದ್ದೀರಿ?" ಎಂದ.
ನಲವತ್ತೊಂದು, ಎಂದೆ.
ಬಗ್ಗಿದವಳಿಗೆ ಒಂದು ಗುದ್ದು ಹೆಚ್ಚು ಅಲ್ಲವೇ ಮಗಾ,
ಎಂದರೂ ಅವನು ನಗಲಿಲ್ಲ.

ಬಿಟ್ಟುಬಿಡಿ ಅನ್ನುತ್ತಾನೆ ಅಂತ ಕಾದೆ.
ಹಿಂದಿನ ಡಾಕ್ಟರು ಹೇಳಿದ್ದೂ ಅದೇ: ಸಾಕು, ಕೂತುಕೊಳ್ಳಿ.
ಎರಡು ಚಳಿಗಾಲ ಕೂತೆ.
ಕಿಟಕಿಯ ಪಕ್ಕ ಕೂತೂ ಕೂತೂ
ನೋವು ನನಗಿಂತ ದಪ್ಪವಾಯಿತು.
ಕುರ್ಚಿ ನನ್ನ ಆಕಾರ ಕಲಿಯಿತು,
ನಾನು ಕುರ್ಚಿಯದು.

ಈ ಹುಡುಗ ಕೇಳಿದ್ದು ಬೇರೆ.
ನಿಮ್ಮ ಕುಂಟೆಯ ಹಿಡಿ ಎಷ್ಟು ದಪ್ಪ?
ಬಕೆಟ್ಟನ್ನು ಕಂಠಮಟ್ಟ ತುಂಬುತ್ತೀರಾ?
ಎಡಗೈ ಆಗೇನು ಮಾಡುತ್ತಿರುತ್ತದೆ?
ನನ್ನ ಎಡಗೈಯ ಸಮಾಚಾರ
ನನ್ನ ಗಂಡನೂ ಯಾವತ್ತೂ ವಿಚಾರಿಸಿದ್ದಿಲ್ಲ.

ಈಗ ಹಿಡಿಗೆ ಸೈಕಲ್ ಟ್ಯೂಬು ಸುತ್ತಿದೆ,
ಮೊಮ್ಮಗಳ ಕೆಂಪು ಸೈಕಲ್ಲಿನದು.
ಮುಷ್ಟಿ ಮುಚ್ಚದ ಕೈಗೆ ದಪ್ಪ ಹಿಡಿಯೇ ದಯೆ.
ಕುಂಟುತ್ತ ನಾನು, ಹಿಂದೆ ನನ್ನ ಕುಂಟೆ,
ಕೆಸರಿನ ಮೇಲೆ ಇಬ್ಬರದೂ ಗೆರೆ.
ಅರ್ಧ ಬಕೆಟ್ಟು, ಎರಡು ಸಲ.
ಇಪ್ಪತ್ತು ನಿಮಿಷ ಬಲಗೈ, ಇಪ್ಪತ್ತು ಎಡಗೈ,
ಆಮೇಲೆ ನೆಟ್ಟಗೆ ನಿಂತು
ಏನೂ ಮಾಡದೆ ಆಕಾಶ ನೋಡಬೇಕು.

ಇದೇ ಕಷ್ಟ.
ಅರವತ್ತು ಹೆಂಗಸರು ಬಗ್ಗಿರುವ ಬಯಲಲ್ಲಿ
ಒಬ್ಬಳೇ ನಿಲ್ಲುವುದು, ಕೊಕ್ಕರೆಯ ಹಾಗೆ.

ಶೆನೊವೆವಾ ಮೊದಮೊದಲು ಕೂಗುತ್ತಿದ್ದಳು:
ನೋಡಿರೇ, ರಾಣಿಯವರು ರಾಜ್ಯ ನೋಡುತ್ತಿದ್ದಾರೆ!
ಮಾರ್ಚಿನಲ್ಲಿ ಅವಳ ಭುಜ ಹಿಡಿದುಕೊಂಡಿತು.
ಒಂದು ಬೆಳಿಗ್ಗೆ, ತುಟಿ ಬಿಚ್ಚದೆ,
ಪಕ್ಕಕ್ಕೆ ಬಂದು ನಿಂತಳು.
ಎರಡು ಕೊಕ್ಕರೆ.
ಟ್ಯೂಬಿನ ಉಳಿದ ತುಂಡು ಅವಳಿಗೆ ಕೊಟ್ಟೆ.

ಎಲ್ಲ ದಿನವೂ ಹೀಗಲ್ಲ.
ಕೆಲವು ದಿನ ನೋವು ಜಪ್ತಿಗೆ ಬಂದ ಅಮೀನನ ಹಾಗೆ
ಬಾಗಿಲು ತಟ್ಟದೆ, ಬೂಟು ಬಿಚ್ಚದೆ,
ನೇರ ಒಳಕೋಣೆಗೆ.
ಆಗ ಕಾಫಿಯ ಲೋಟವೂ ಎರಡು ಕೈಗೆ ಭಾರ.
ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿಗೆ ಚಿಪ್ಪಿನ ಬೆಲೆ ಏರಿದಾಗ,
ಆಸೆಗೆ ಬಿದ್ದು ನಾಲ್ಕು ತಾಸು ಎಳೆದೆ.
ಒಂದು ವಾರ ಮೊಮ್ಮಗಳು ನನಗೆ ಕಾಲುಚೀಲ ಹಾಕಿದಳು,
ಪ್ರತಿ ಸಲ ಎಡದ್ದು ಬಲಕ್ಕೆ.

"ಬುದ್ಧಿ ಬಂತಾ?" ಎಂದ ಬ್ರೆಯ್ಶೊ.
ಬರುತ್ತದಪ್ಪಾ, ಹೋಗುತ್ತದೆ, ಎಂದೆ,
ಇಲ್ಲಿಯ ನೀರೇ ಹಾಗೆ.

ನಮ್ಮ ಸೊಂಟದಲ್ಲಿ ಅಳತೆಯ ತಗಡೊಂದು ತೂಗುತ್ತದೆ.
ಅದರ ಕಿಂಡಿಯಲ್ಲಿ ತೂರಿಹೋಗುವ ಚಿಪ್ಪು ಇನ್ನೂ ಎಳಸು,
ಮರಳಿ ಮರಳಿಗೇ ಹಾಕಬೇಕು.
ಬೆಳಗಿನ ನೋವುಗಳನ್ನೂ ಹಾಗೆಯೇ ಹಿಡಿದು ನೋಡುತ್ತೇನೆ:
ಹೆಬ್ಬೆರಳಿನದು ಸಣ್ಣದು, ಇಲ್ಲೇ ಇರಲಿ.
ಭುಜದ್ದೂ ಸಣ್ಣದೇ.
ಮಂಡಿಯದು ಮಾತ್ರ ಕಿಂಡಿಗೆ ಹಿಡಿಸುವುದಿಲ್ಲ,
ಅದನ್ನು ಮನೆಗೆ ಒಯ್ಯಬೇಕು,
ಬಿಸಿನೀರಿಗೆ ಬಿಡಬೇಕು.

ಹೊತ್ತಾಯಿತು. ನೀರು ಹಿಂದಿರುಗುತ್ತಿದೆ.
ಶೆನೊವೆವಾ ಬಕೆಟ್ಟಿನ ಒಂದು ಕಿವಿ ಹಿಡಿದಿದ್ದಾಳೆ.