ಅವಲಂಬಿತರು, ಇಬ್ಬರು

ಅರ್ಜಿಯ ಏಳನೆಯ ಪುಟದಲ್ಲಿ
ನಾನೂ ನನ್ನ ಏಳು ತಿಂಗಳ ಮಗನೂ
ಒಂದೇ ಕಾಲಮ್ಮಿನಲ್ಲಿ ಕೂತಿದ್ದೇವೆ:
ಅವಲಂಬಿತರು, ಇಬ್ಬರು.
ಆಧಾರ: ದಾಕ್ಷಾಯಣಿ, ಡಯಾಲಿಸಿಸ್ ವಾರ್ಡಿನ ನರ್ಸು.

ಒಂಬತ್ತು ವರ್ಷ ಡೊಂಬಿವಲಿಯ ಪ್ರೆಸ್ಸಿನಲ್ಲಿ
ಮಂದಿಯ ಲಗ್ನಪತ್ರಿಕೆ ತಿದ್ದಿದವನು ನಾನು.
ವಧುವಿನ ಹೆಸರಿನ ಹಿಂದೆ ಚಿ. ಸೌ. ಬಿಟ್ಟುಹೋದರೆ
ನಿದ್ದೆ ಬಾರದವನು.
ಈ ಪುಟದಲ್ಲೂ ತಪ್ಪು ಹುಡುಕಿದೆ.
ಒಂದೂ ಇರಲಿಲ್ಲ.

ಸ್ಟೇಷನ್ ರಸ್ತೆಯ ಸ್ಟುಡಿಯೋದಲ್ಲಿ
ಬಿಳಿ ಚಾದರ ಹಾಸಿ, ಮಗನನ್ನು ಮಲಗಿಸಿ,
ಪೆಂಡಸೆ ಕುರ್ಚಿ ಹತ್ತಿ ನಿಂತು ನಿಯಮ ಓದಿದ:
ನಗಬಾರದು. ಬಾಯಿ ಮುಚ್ಚಿರಬೇಕು. ಕಣ್ಣು ತೆರೆದಿರಬೇಕು.
ನಿಜಗುಣನಿಗೆ ಇದನ್ನು ಹೇಳುವವರು ಯಾರು?
ಕೀಲಿಕೈ ಅಲ್ಲಾಡಿಸಿದರೆ ನಕ್ಕ,
ನಿಲ್ಲಿಸಿದರೆ ಅತ್ತ.
ನಲವತ್ತೊಂದನೆಯ ಸಲಕ್ಕೆ
ಏನೋ ನೆನಪಾದವನ ಹಾಗೆ ಗಂಭೀರನಾದ.
ಪಾಸ್‌ಪೋರ್ಟಿನಲ್ಲಿ ಈಗ ಅದೇ ಮುಖ,
ಸಾಲ ಕೊಟ್ಟು ಮರೆಯದ ಸಾಹುಕಾರನದು.

ಸಹಿಯ ಜಾಗದಲ್ಲಿ ಹೆಬ್ಬೆಟ್ಟು.
ನನ್ನ ಅಜ್ಜಿ ಚಡಚಣದ ಸೊಸೈಟಿಯಲ್ಲಿ ಒತ್ತಿ
ಸೆರಗಿಗೆ ಒರೆಸಿಕೊಳ್ಳುತ್ತಿದ್ದಳಂತೆ.
ಇವನು ನೇರ ಬಾಯಿಗಿಟ್ಟ.
ಎರಡು ದಿನ ನಾಲಿಗೆ ನೇರಳೆ ತಿಂದ ಹಾಗೆ.

ಯಾವ ಊರು, ಕೇಳಿದರು ಪಕ್ಕದ ಖೋಲಿಯ ಶೇವಂತಾಬಾಯಿ.
ಕಾರ್ಕ್.
ಬಾಟಲಿಗೆ ಹಾಕುತ್ತಾರಲ್ಲ, ಆ ಬೂಚೇ?
ಅದೇ ಹೆಸರು ಆಯಿ, ಐರ್ಲೆಂಡಿನಲ್ಲಿ.
ಅಂದಿನಿಂದ ಚಾಳಿನ ಹುಡುಗರ ಬಾಯಲ್ಲಿ
ಮಗನ ಹೆಸರು ಬೂಚ್.

ರದ್ದಿ ಅಂಗಡಿಯ ತಕ್ಕಡಿಗೆ ಪೆಟ್ಟಿಗೆ ಎತ್ತಿಟ್ಟೆವು.
ಇಪ್ಪತ್ಮೂರರ ಮಿತಿ, ಇಪ್ಪತ್ತಾರೂವರೆ ತೂಗಿತು.
ಅವಳು ಕುಕ್ಕರು ಬಿಡಲೊಲ್ಲಳು.
ಗುರೆಳ್ಳು ಚಟ್ನಿ ನಾನು ಬಿಡಲೊಲ್ಲೆ.
ಕಂಬಳಿ ತೆಗೆದೆವು, ಚಳಿಯ ದೇಶಕ್ಕೆ ಹೊರಟವರು.
ನನ್ನಪ್ಪನಿಗೂ ನನಗೂ ಹಾಲು ಕುಡಿಸಿದ ಬೆಳ್ಳಿ ಒಳಲೆ
ಅವಳ ಪರ್ಸಿಗೆ ಹೋಯಿತು, ತೂಕಕ್ಕೆ ಸಿಗದಂತೆ.
ಕೊನೆಗೆ ಅಂಗಡಿಯ ರಾಮ್‌ಧನಿ
ಮಗನನ್ನೂ ಎತ್ತಿ ತಕ್ಕಡಿಯಲ್ಲಿ ಕೂರಿಸಿದ:
ಏಳು ಕಿಲೊ ಎಂಟುನೂರು,
ಪೇಪರಿನ ರೇಟು ಹದಿನಾಲ್ಕು, ಕೊಡ್ತೀರಾ?

ರಾತ್ರಿ ಪಾಳಿ ಮುಗಿಸಿ ಬಂದವಳನ್ನು ಕೇಳಿದೆ:
ಅಲ್ಲಿ ನಾ ಏನ್ ಮಾಡ್ಲಿ?
ಇವನ್ನ ನೋಡ್ಕೊ, ಅಂದಳು.
ಅಷ್ಟೇ ಏನು?
ಅದು ಕೆಲಸ ಅಲ್ಲೇನು, ಒಂದಿನ ನೀ...
ವಾಕ್ಯದ ನಡುವೆಯೇ ನಿದ್ದೆ ಹೋದಳು,
ಕೈಗಡಿಯಾರ ಬಿಚ್ಚದೆ.
ನಾನು ಬಿಚ್ಚಿದೆ. ಪಟ್ಟಿಯ ಅಡಿಯಲ್ಲಿ
ಮಣಿಕಟ್ಟು ಮಾತ್ರ ಬಿಸಿಲು ಕಾಣದೆ ಬೆಳ್ಳಗಿತ್ತು.

ಇವನು ಮಲಗುವುದು ಹಳಿಯ ಸದ್ದಿಗೆ.
ಲೋಕಲ್ ತಡವಾದರೆ ನಿದ್ದೆಯೂ ತಡ.
ಅದಕ್ಕೇ ಒಂದು ಸಂಜೆ ಐದನೆಯ ಪ್ಲಾಟ್‌ಫಾರ್ಮಿನಲ್ಲಿ
ಮೊಬೈಲು ಎತ್ತಿಹಿಡಿದು ನಿಂತೆ, ಹುಚ್ಚನಂತೆ.
ಕಸಾರಾ ಫಾಸ್ಟು ಬಂತು, ಹೋಯಿತು.
ಮನೆಗೆ ಬಂದು ಕೇಳಿದರೆ ಹಳಿಯ ಜೊತೆಗೆ
ಯಾರೋ ಕೆಮ್ಮಿದ್ದು,
ಒಬ್ಬಳು ಫೋನಿನಲ್ಲಿ, ಬಟಾಟೆ ಬೇಯಿಸಿಡು,
ನನ್ನದೇ ಉಸಿರು.
ಅಳಿಸಲಿಲ್ಲ.

ಮಾಲೀಕನಿಗೆ ಬೇಕಿದ್ದದ್ದು ಒಂದೇ,
ತೊಟ್ಟಿಲ ಕೊಂಡಿ ತೆಗೆದು ಸೂರಿನ ತೂತು ಮುಚ್ಚಬೇಕು,
ಇಲ್ಲವಾದರೆ ಡಿಪಾಸಿಟ್ಟಿನಲ್ಲಿ ಎಂಟುನೂರು ಮುರಿಯುತ್ತಾನೆ.
ಸ್ಟೂಲು ಹತ್ತಿ ಬಿಳಿ ಸಿಮೆಂಟು ತುಂಬಿದೆ.
ಕರಣೆ ಎಲ್ಲಿಂದ ತರಲಿ? ಹೆಬ್ಬೆರಳಿಂದಲೇ ಒತ್ತಿದೆ.
ಗುರುತು ಉಳಿಯಿತು.
ಕೆಳಗಿನಿಂದ ಅವಳು: ಸಪಾಟು ಮಾಡ್ರೀ, ಕಾಣಸ್ತದ.
ಕಾಣಲಿ, ಅಂದೆ.

ಹೊರಗೆ ಟ್ಯಾಕ್ಸಿ ಹಾರ್ನು ಹೊಡೆಯುತ್ತಿತ್ತು.
ಅವಳ ಹೆಗಲ ಮೇಲಿಂದ ಬೂಚ್
ನನ್ನ ಬಿಳಿ ಹೆಬ್ಬೆರಳನ್ನೇ ನೋಡುತ್ತಿದ್ದ,
ಬಾಯಿ ತೆರೆದು.